ಮೀನಿನ ಫೋಟೋಗೆ ಯಾವ ಕ್ಯಾಮೆರಾ?

ಎರಡಡಿ ಗಾಜಿನ ತೊಟ್ಟಿಯ ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳ ಫೋಟೋ ತೆಗೆಯಲು ಯಾವ ಕ್ಯಾಮೆರಾ ಒಳ್ಳೆಯದು ಎಂದು ಕೇಳಿದರೆ ಅಂಗಡಿಯಲ್ಲಿ ಮೊದಲು ಬರುವ ಮಾತು ಮೆಗಾಪಿಕ್ಸೆಲ್. ಐವತ್ತು ಮೆಗಾಪಿಕ್ಸೆಲ್ ಕೊಂಡರೆ ಮಸುಕಾದ ಮೀನು ಐವತ್ತು ಮೆಗಾಪಿಕ್ಸೆಲ್‌ನಲ್ಲಿ ಮಸುಕಾಗಿರುತ್ತದೆ, ಅಷ್ಟೇ.

ಎರಡನೆಯ ಮಾತು ಪೋಲರೈಸರ್ ಫಿಲ್ಟರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ (ಪೋಲರೈಸ್ ಆದ) ಬೆಳಕನ್ನು ತಡೆಯಲು ಲೆನ್ಸಿನ ಮುಂದೆ ಹಾಕುವ ಗಾಜು. ಇದನ್ನು ಸುಮ್ಮನೆ ಬಿಡಲಾಗದು. ಗಾಜಿನ ಮೇಲಿನ ಪ್ರತಿಬಿಂಬ ಹೋಗುತ್ತದೆಂದು ಮಾರುತ್ತಾರೆ. ಹೋಗುತ್ತದೆ, ಗಾಜಿನ ನೇರ ಎದುರಿನಿಂದ ಸುಮಾರು 56 ಡಿಗ್ರಿ ಓರೆಯಾಗಿ ನಿಂತರೆ. ಅಷ್ಟು ಓರೆಯಾದರೆ ಗಾಜೂ ನೀರೂ ಸೇರಿ ಬೆಳಕನ್ನು ಬಗ್ಗಿಸಿ, ಬಣ್ಣ ಬಿಡಿಸಿ, ಮೀನನ್ನು ಕಲಸಿಹಾಕುತ್ತವೆ. ಚಿತ್ರ ಚೂಪಾಗಿ ಬರಲು ಲೆನ್ಸ್ ಗಾಜಿಗೆ ನೇರ ಎದುರಾಗಿರಬೇಕು. ನೇರವಾಗಿದ್ದರೆ ಪ್ರತಿಬಿಂಬದ ಬೆಳಕು ಪೋಲರೈಸ್ ಆಗಿರುವುದೇ ಇಲ್ಲ, ಫಿಲ್ಟರ್‌ಗೆ ಹಿಡಿಯಲು ಏನೂ ಸಿಗದು. ಆದರೂ ಅದು ತನ್ನ ಪಾಲಿನ ಒಂದೂವರೆ, ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ) ಬೆಳಕನ್ನು ನುಂಗಿಯೇ ನುಂಗುತ್ತದೆ. ಅದನ್ನು ತುಂಬಲು ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. 1/200 ಸೆಕೆಂಡಿನಲ್ಲಿ ನಿಲ್ಲುತ್ತಿದ್ದ ಟೆಟ್ರಾ 1/50ರಲ್ಲಿ ನೀಲಿ ಗೀಚಾಗುತ್ತದೆ. ಎದುರುಗೋಡೆಯ ಕ್ಯಾಲೆಂಡರು, ಸೀಲಿಂಗ್ ಫ್ಯಾನು, ಲುಂಗಿ ಉಟ್ಟ ಛಾಯಾಗ್ರಾಹಕ ಮಾತ್ರ ತೊಟ್ಟಿಯೊಳಗೆ ಮೊದಲಿನಂತೆಯೇ ಈಜುತ್ತಿರುತ್ತಾರೆ. ಇವರನ್ನು ಹೊರಹಾಕಲು ಕೋಣೆಯ ದೀಪ ಆರಿಸಿ, ಪರದೆ ಎಳೆದು, ಲೆನ್ಸಿನ ಮೂತಿಗೆ ಹಾಕುವ ರಬ್ಬರ್ ಹುಡ್ಡನ್ನು ಗಾಜಿಗೆ ಒತ್ತಿ ಹಿಡಿದರೆ ಆಯಿತು. ಹುಡ್ ಇಲ್ಲದಿದ್ದರೆ ಲೆನ್ಸಿನಷ್ಟು ತೂತು ಮಾಡಿದ ಕಪ್ಪು ಬಟ್ಟೆ. ಕ್ಯಾಮೆರಾ ಅಂಗಡಿಯಲ್ಲಿ ಕಪ್ಪು ಬಟ್ಟೆ ಮಾರುವುದಿಲ್ಲ, ಹಾಗಾಗಿ ಯಾರೂ ಹೇಳುವುದೂ ಇಲ್ಲ.

ಮೊಬೈಲಿನವರಿಗೆ ಇದೊಂದು ಸುಖ, ಪುಟ್ಟ ಲೆನ್ಸ್ ಗಾಜಿಗೇ ಅಂಟಿ ಕೂರುತ್ತದೆ. ಆದರೆ ತೊಟ್ಟಿಯ ಅಗ್ಗದ ಎಲ್‌ಇಡಿ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿಟುಕುತ್ತದೆ, ಚಿತ್ರದ ತುಂಬ ಅಡ್ಡಪಟ್ಟೆ. 1/100ಕ್ಕೆ ಇಳಿದರೆ ಪಟ್ಟೆ ಹೋಗುತ್ತದೆ, ಜೊತೆಗೆ ಮೀನೂ ಕದಡುತ್ತದೆ. ಕ್ಯಾಮೆರಾ ಇದ್ದವರಿಗೆ ಇದಕ್ಕೆ ಮದ್ದು ಫ್ಲ್ಯಾಶ್. ಕ್ಯಾಮೆರಾದ ಮೇಲಲ್ಲ, ದೂರದಿಂದಲೇ ಫ್ಲ್ಯಾಶ್ ಹೊಡೆಸುವ ವೈರ್‌ಲೆಸ್ ಟ್ರಿಗರ್ ಹಾಕಿ ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ, ಕೆಳಮುಖವಾಗಿ. ಶಟರ್ 1/200, ಲೆನ್ಸಿನ ಕಿಂಡಿ ಎಫ್/8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 200ರಿಂದ ಶುರುಮಾಡಿ. ಮುಚ್ಚಳದ ಒಳಗೆ ಹಬೆಯ ಹನಿ ಕಟ್ಟಿದ್ದರೆ ಮೊದಲು ಒರೆಸಿ, ಇಲ್ಲದಿದ್ದರೆ ಬೆಳಕು ತೇಪೆತೇಪೆಯಾಗಿ ಬೀಳುತ್ತದೆ.

ಆಟೋಫೋಕಸ್‌ಗೆ ಮೀನಿಗಿಂತ ಗಾಜಿನ ಪಾಚಿ, ಬೆರಳಚ್ಚುಗಳೇ ಪ್ರೀತಿ. ಗಾಜು ತಿಕ್ಕುವುದು, ನೀರು ಬದಲಿಸುವುದು ಹಿಂದಿನ ದಿನವೇ ಮುಗಿಯಲಿ. ಅದೇ ದಿನ ಮಾಡಿದರೆ ಎದ್ದ ಕಸ ತೇಲುತ್ತಿರುತ್ತದೆ, ಸಣ್ಣ ಗುಳ್ಳೆಗಳು ಎಲೆಗೂ ಗಾಜಿಗೂ ಅಂಟಿರುತ್ತವೆ. ಮೀನುಗಳಿಗೆ ಒಂದು ದಿನ ಉಪವಾಸ ಹಾಕಿದರೆ ಹಿಂದೆ ಮಲದ ಉದ್ದನೆಯ ದಾರ ನೇತಾಡುವುದೂ ತಪ್ಪುತ್ತದೆ.

ಕ್ಯಾಮೆರಾ? ಮ್ಯಾನುಯಲ್ ಮೋಡ್, ಹಾಟ್ ಶೂ (ಟ್ರಿಗರ್ ಕೂರಿಸುವ ನೆತ್ತಿಯ ಕೊಂಡಿ) ಇರುವ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಜೊತೆಗೆ ಬಂದ 18-55 ಲೆನ್ಸ್. ಯಾವ ಕಂಪನಿಯದು ಎಂದು ಕೇಳುವವರು ಮೊದಲು ಗಾಜು ಒರೆಸಿ ಬರಲಿ.