ಮೀನಿನ ಟ್ಯಾಂಕಿಗೆ ಎಷ್ಟು ಮಾರ್ಕ್ಸು?

ಮೇ ತಿಂಗಳಲ್ಲಿ, ಕಲಬುರಗಿಯಲ್ಲಿ, ಕರೆಂಟ್ ಇದ್ದಾಗಲೂ ಫ್ಯಾನ್ ಆರಿಸಿ ಕೂರುವ ಮನುಷ್ಯನನ್ನು ನೋಡಿದ್ದೀರಾ? ನಿನ್ನೆ ರಾತ್ರಿ ನಮ್ಮ ಮನೆಗೆ ಬಂದಿದ್ದರೆ ನೋಡಬಹುದಿತ್ತು. ಮೀನಿನ ಟ್ಯಾಂಕಿನ ನೀರಿನಲ್ಲಿ ಫಾಸ್ಫೇಟ್ ಎಷ್ಟಿದೆ ಅಂತ ಪರೀಕ್ಷಿಸುವ ಪುಡಿ ಅಷ್ಟು ಹಗುರ. ಗಾಳಿಗೆ ಒಂಚೂರು ಹಾರಿದರೂ ಲೆಕ್ಕ ಕೆಟ್ಟಿತು.

ಸಮುದ್ರವೇ ಇಲ್ಲದ ಊರಲ್ಲಿ ಉಪ್ಪುನೀರಿನ ಟ್ಯಾಂಕು, ಹವಳ ಯಾಕೆ ಅಂತ ಕೇಳಬೇಡಿ. ಮನೆಗೆ ಬಂದವರೆಲ್ಲ ಕೇಳಿ ಸುಸ್ತಾಗಿದ್ದಾರೆ. ನಮ್ಮ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಹವಳ ಮೈ ಕಟ್ಟಿಕೊಳ್ಳುವುದೂ ಸುಣ್ಣದಿಂದಲೇ, ಹಾಗಾಗಿ ಇಬ್ಬರೂ ದೂರದ ನೆಂಟರು ಅಂತ ನಾನು ವಾದಿಸುತ್ತೇನೆ. ಈವರೆಗೆ ಯಾರೂ ಒಪ್ಪಿಲ್ಲ. ಮೀನಿನ ಊಟದಿಂದ ನೀರಿಗೆ ಸೇರುವ ಫಾಸ್ಫೇಟ್ ಜಾಸ್ತಿಯಾದರೆ ಈ ಸುಣ್ಣ ಕಟ್ಟುವ ಕೆಲಸ ಕುಂಟುತ್ತದೆ, ಪಾಚಿ ಮಾತ್ರ ಮಸ್ತಾಗಿ ಬೆಳೆಯುತ್ತದೆ. 0.03ರಿಂದ 0.1 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು) ಒಳಗಿದ್ದರೆ ನೆಮ್ಮದಿ. ಪೂರ್ತಿ ಸೊನ್ನೆಯಾದರೂ ಹವಳ ಸೊರಗುತ್ತದೆ. ಉಪಚಾರವೇ ಸಿಗದ ಅಳಿಯನ ಥರ.

10 ಮಿ.ಲೀ. ನೀರಿಗೆ ಪುಡಿ ಹಾಕಬೇಕು, ಎರಡು ನಿಮಿಷ ಅಲುಗಾಡಿಸಬೇಕು, ಶೀಶೆಯ ಮೇಲಿನ ಬೆರಳಿನ ಗುರುತು ಒರೆಸಬೇಕು. ಒಳಗೆ ಗುಳ್ಳೆ ಇರಬಾರದು. ಆಮೇಲೆ ಮೀಟರಿಗಿಟ್ಟು, ಗುಂಡಿ ಒತ್ತಿ ಹಿಡಿದು, ಮೂರು ನಿಮಿಷ ಕಾಯಬೇಕು. ಫಾಸ್ಫೇಟ್ ಇದ್ದಷ್ಟೂ ನೀರು ನೀಲಿಯಾಗುತ್ತದೆ.

ನಾನು ಉಸಿರು ಬಿಗಿಹಿಡಿದು ಪ್ಯಾಕೆಟ್ ಹರಿದೆ. ಅಷ್ಟರಲ್ಲಿ ಅವ್ವ ಬಂದಳು. "ಇಷ್ಟು ಸೆಕಿಯಾಗ ಹೆಂಗ ಕುಂತೀಯೋ?" ಅಂದವಳೇ ಫ್ಯಾನ್ ಹಾಕಿದಳು. ಐದರಲ್ಲಿ.

ಪುಡಿಯೆಲ್ಲ ನನ್ನ ಮೀಸೆಗೆ.

ಇನ್ನೊಂದು ಪ್ಯಾಕೆಟ್ ಹರಿದೆ. ಶೀಶೆ ಮಂಜಾಗಿ ಕಾಣುತ್ತಿತ್ತು. ವಿಚಾರಿಸಿದರೆ, ಅವ್ವ ಅದನ್ನು ಪಾತ್ರೆ ಸೋಪು ಹಚ್ಚಿ ತಂತಿ ಬ್ರಶ್ಶಿನಿಂದ ತಿಕ್ಕಿದ್ದಾಳೆ. ಗೀರು ಬಿದ್ದ ಗಾಜಿನಲ್ಲಿ ಬೆಳಕು ಸರಿಯಾಗಿ ಹಾಯುವುದಿಲ್ಲ. ಪುಣ್ಯಕ್ಕೆ ಇನ್ನೊಂದು ಶೀಶೆ ಇತ್ತು. ಕೊನೆಗೂ ಬಂತು: 0.46.

"ಎಷ್ಟು ಬಂತು?" ಅಂದಳು ಅವ್ವ. ಹೇಳಿದೆ.

"ಅರ್ಧಾನೂ ಇಲ್ಲೇನೋ! ಹೋದ ತಿಂಗಳಿಂದ ಇಷ್ಟು ತಿನ್ನಿಸ್ಲಕತ್ತೀನಿ, ಆದ್ರೂ ಏರವಲ್ದು."

ಆಗ ತಲೆಗೆ ಹೊಳೆಯಿತು. ಹೋದ ತಿಂಗಳು ಫಾಸ್ಫೇಟ್ ಹೀರುವ, ಕಬ್ಬಿಣದ ತುಕ್ಕಿನಂಥ ಕಾಳು ತರಿಸಿ, ತೊಳೆದು, ಫಿಲ್ಟರಿಗೆ ತುಂಬಿ ಹರಸಾಹಸದಿಂದ 0.09ಕ್ಕೆ ಇಳಿಸಿದ್ದೆ. ಖುಷಿಯಿಂದ ಕೂಗಿ ಹೇಳಿದ್ದೆ. ಅವ್ವ ಅದನ್ನು ಮೀನುಗಳ ಶಕ್ತಿ ಅಂದುಕೊಂಡಿದ್ದಾಳೆ! ಇಳಿದಿದೆ, ಪಾಪ, ಅಂತ ಅವತ್ತಿನಿಂದ ದಿನಕ್ಕೆ ನಾಲ್ಕು ಸಲ ಊಟ. ನಾನು ಫ್ರೀಜರಿನ ಸೀಗಡಿ ಕರಗಿಸಿ, ಆ ನೀರಿನಲ್ಲೂ ಫಾಸ್ಫೇಟ್ ಇರುತ್ತದೆಂದು ಬಸಿದು, ಚಿಟಿಕೆ ಚಿಟಿಕೆ ಹಾಕುತ್ತೇನೆ. ಅವಳು ಇಡೀ ಗಡ್ಡೆಯನ್ನೇ ಇಳಿಬಿಡುತ್ತಾಳೆ. ಹೆಚ್ಚಾದ ಫಾಸ್ಫೇಟನ್ನು ಟ್ಯಾಂಕಿನ ಕಲ್ಲುಗಳೂ ಹೀರಿಟ್ಟುಕೊಂಡು ಆಮೇಲೆ ಮೆಲ್ಲಗೆ ಬಿಡುತ್ತವೆ. ಅಂದರೆ ಇನ್ನು ತಿಂಗಳುಗಟ್ಟಲೆ ನನಗೆ ಇದೇ ಕೆಲಸ.

ಬೈಯೋಣ ಅಂದುಕೊಂಡೆ. ಆದರೆ ಟ್ಯಾಂಕಿನ ಹತ್ತಿರ ಅವಳ ನೆರಳು ಬಿದ್ದರೆ ಸಾಕು, ಎರಡೂ ಕ್ಲೌನ್ ಮೀನು ಗಾಜಿಗೆ ಮೂತಿ ಹಚ್ಚುತ್ತವೆ. ನಾನು ಹೋದರೆ ಬಂಡೆ ಸಂದಿಗೆ ಓಡುತ್ತವೆ. ಅಪ್ಪ ಹೋದ ಮೇಲೆ ಮಧ್ಯಾಹ್ನ ಅವಳ ಮಾತು ಕೇಳುವವರು ಅವೆರಡೇ.

ಮೆತ್ತಗೆ ಹೇಳಿದೆ: "ಅವ್ವಾ, ಇದು ಕಡಿಮೆ ಇದ್ದಷ್ಟೂ ಚಲೋ."

"ಶುಗರ್ ಇದ್ದಂಗೇನು?"

"ಹ್ಞಾಂ, ಶುಗರ್ ಇದ್ದಂಗೇ!"

"ಮೊದಲೇ ಹೇಳಬಾರದೇನೋ ಮಳ್ಳ! ಶುಗರಿಂದು ನನಗ ಗೊತ್ತಿಲ್ಲೇನು?"

ಎಷ್ಟೋ ದಿನದ ಮೇಲೆ ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕಿನಲ್ಲಿ ಜೋಳದ ರೊಟ್ಟಿಯ ಚೂರುಗಳು ತೇಲುತ್ತಿದ್ದವು. ಅಡುಗೆಮನೆಯಲ್ಲಿ ಅವ್ವ ಇನ್ನೊಂದು ರೊಟ್ಟಿ ಬಡಿಯುತ್ತಿದ್ದಳು. ನಾನು ಎದ್ದು ಹೋಗಿ ಫ್ಯಾನ್ ಆರಿಸಿದೆ.