ರಶ್ ಕೀಬೋರ್ಡ್ ಹಿಡಿದದ್ದು ತಪ್ಪಾ?

ಕೆನಡಾದ ಮೂವರ ರಾಕ್ ಬ್ಯಾಂಡ್ ರಶ್. ಅದರ ಅಭಿಮಾನಿಗಳಲ್ಲಿ ಎರಡು ಪಂಗಡ. 1981ರ 'ಮೂವಿಂಗ್ ಪಿಕ್ಚರ್ಸ್' ಆಲ್ಬಮ್ ಆದಮೇಲೆ ಕೀಬೋರ್ಡ್ ಹಿಡಿದು ಕೆಟ್ಟರು ಅನ್ನುವವರು ಒಂದು ಕಡೆ. ಇನ್ನೊಂದು ಕಡೆ ನಾನು, ನನ್ನಂಥ ನಾಲ್ಕು ಜನ. ಇವತ್ತು ನಮ್ಮ ಕಡೆಯ ವಾದ ಕೇಳಿ.

1968ರಲ್ಲಿ ಟೊರಾಂಟೊದಲ್ಲಿ ಹುಟ್ಟಿದ ಬ್ಯಾಂಡ್ ಇದು. 1974ರ ಮೊದಲ ಆಲ್ಬಮ್ ಗಟ್ಟಿ ದನಿಯ ಬ್ಲೂಸ್ ರಾಕ್, ಅಷ್ಟೇ. ಅದೇ ವರ್ಷ ಡ್ರಮ್ಮರ್ ನೀಲ್ ಪಿಯರ್ಟ್ ಬಂದ. ಹಾಡಿನ ಸಾಹಿತ್ಯ ಬರೆಯುವ ಕೆಲಸವೂ ಅವನ ಹೆಗಲಿಗೆ ಬಿತ್ತು. ಮರುವರ್ಷದ 'ಕರೆಸ್ ಆಫ್ ಸ್ಟೀಲ್' ಮಕಾಡೆ ಮಲಗಿತು. ರೇಡಿಯೋಗೆ ಆಗುವಂಥ ಹಾಡು ಮಾಡಿ ಅಂತ ರೆಕಾರ್ಡ್ ಕಂಪನಿಯ ಒತ್ತಾಯ. ಇವರು ಕೊಟ್ಟಿದ್ದು '2112': ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಒಂದೇ ಹಾಡು, 20 ನಿಮಿಷ! ಅದೇ ಅವರನ್ನು ಉಳಿಸಿತು.

ಸರಿ, ಗೆದ್ದ ದಾರಿ ಸಿಕ್ಕಿತಲ್ಲ, ಅಲ್ಲೇ ಇರಬಹುದಿತ್ತು. ಇರಲಿಲ್ಲ. 1980ರ ಹೊತ್ತಿಗೆ ಹಾಡುಗಳು ಚಿಕ್ಕದಾದವು, ನಡುವೆ ಜಮೈಕಾದ ರೆಗ್ಗೆ ಶೈಲಿ ಕೂಡ ನುಸುಳಿತು. 'ವೈವೈಝೀ' (YYZ) ಅನ್ನೋ ತುಣುಕು ಕೇಳಿದ್ದೀರಾ? ಟೊರಾಂಟೊ ವಿಮಾನ ನಿಲ್ದಾಣದ ಕೋಡ್ ಅದು. ಅಕ್ಷರಗಳನ್ನು ಉದ್ದ, ಗಿಡ್ಡ ಸದ್ದುಗಳಾಗಿ ಕಳಿಸುವ ಟೆಲಿಗ್ರಾಫ್‌ನ ಮೋರ್ಸ್ ಸಂಕೇತ ಇದೆಯಲ್ಲ, ಅದರಲ್ಲಿ ಈ ಮೂರು ಅಕ್ಷರಗಳ ಸದ್ದೇ ತಾಳ. ಉದ್ದಕ್ಕೆ ಎರಡು, ಗಿಡ್ಡಕ್ಕೆ ಒಂದು ಅಂತ ಎಣಿಸಿ: ಏಳು, ಏಳು, ಆರು. ಮೃದಂಗ ಕಲಿತವರು ಮೊದಲ ಸಲಕ್ಕೇ ಕೈಯಲ್ಲಿ ಹಿಡಿದುಬಿಡ್ತಾರೆ.

ಈಗ ಜಗಳದ ವಿಷಯ. 1982ರ 'ಸಿಗ್ನಲ್ಸ್' ಶುರುವಾಗುವುದೇ ಸಿಂಥಸೈಜರ್‌ನಿಂದ, ಅಂದರೆ ಕೀಬೋರ್ಡಿನ ಎಲೆಕ್ಟ್ರಾನಿಕ್ ಸದ್ದಿನಿಂದ. ಗೆಡ್ಡಿ ಲೀ ಹಾಡುತ್ತಾ, ಬೇಸ್ ನುಡಿಸುತ್ತಾ, ಕೀಬೋರ್ಡ್ ನೋಡಿಕೊಳ್ಳುತ್ತಾ, ಕಾಲಲ್ಲಿ ಪೆಡಲ್ ಒತ್ತುತ್ತಿದ್ದ. ನಾಲ್ಕನೆಯವನನ್ನು ಸೇರಿಸಿಕೊಳ್ಳಲಿಲ್ಲ, ಹಠ! ಅಲೆಕ್ಸ್ ಲೈಫ್‌ಸನ್‌ನ ಗಿಟಾರ್ ಹಿಂದೆ ಸರಿಯಿತು, ಆ ಬೇಸರ ಅವನಿಗೂ ಇತ್ತು. ಅದನ್ನು ನಾನು ಅಲ್ಲಗಳೆಯಲ್ಲ. 'ಹೋಲ್ಡ್ ಯುವರ್ ಫೈರ್' ಆಲ್ಬಮ್ ನನಗೂ ಸ್ವಲ್ಪ ಸಿಹಿ ಜಾಸ್ತಿ.

1993ರ 'ಕೌಂಟರ್‌ಪಾರ್ಟ್ಸ್'ನಲ್ಲಿ ಗಿಟಾರ್ ಮತ್ತೆ ಮುಂದೆ ಬಂತು. ಆಮೇಲೆ 1997ರಲ್ಲಿ ಪಿಯರ್ಟ್‌ನ ಮಗಳು ಅಪಘಾತದಲ್ಲಿ ಹೋದಳು, ಮರುವರ್ಷ ಹೆಂಡತಿ ಕ್ಯಾನ್ಸರ್‌ನಿಂದ. ಬೈಕ್ ಹತ್ತಿ ಸಾವಿರಾರು ಕಿಲೋಮೀಟರ್ ಅಲೆದ. 2002ರಲ್ಲಿ ವಾಪಸ್ ಬಂದು ಮಾಡಿದ 'ವೇಪರ್ ಟ್ರೇಲ್ಸ್'ನಲ್ಲಿ ಕೀಬೋರ್ಡೇ ಇಲ್ಲ. ಬೇಡ ಬೇಡ ಅಂದವರಿಗೆ ಸಿಕ್ಕಿತಲ್ಲ! ಆಗ ಶುರುವಾಯ್ತು ಹೊಸ ದೂರು: ಸದ್ದು ಕಿವಿಗೆ ಬಡಿಯುತ್ತೆ ಅಂತ. ಈ ದೂರು ನಿಜವೇ. 2013ರಲ್ಲಿ ಪೂರ್ತಿ ಮತ್ತೆ ಮಿಕ್ಸ್ ಮಾಡಿದರು.

2015ರ ಆಗಸ್ಟ್ 1, ಲಾಸ್ ಏಂಜಲೀಸ್: ಮೂವರೂ ಒಟ್ಟಿಗೆ ನುಡಿಸಿದ ಕೊನೆಯ ಸಂಜೆ. 2020ರ ಜನವರಿಯಲ್ಲಿ ಪಿಯರ್ಟ್ ತೀರಿಕೊಂಡ.

ಕೀಬೋರ್ಡ್ ಬೈಯುವವರಿಗೆ ಒಂದೇ ಕೋರಿಕೆ. 'ಸಿಗ್ನಲ್ಸ್'ನ ಮೊದಲ ಹಾಡು 'ಸಬ್‌ಡಿವಿಷನ್ಸ್' ಹಾಕಿ, ಸಿಂಥ್ ಕಡೆ ಗಮನ ಕೊಡಬೇಡಿ, ಸುಮ್ನೆ ಡ್ರಮ್ ಹಿಂದೆ ಹೋಗಿ. ಅಲ್ಲೂ ಏಳರ ಲೆಕ್ಕವೇ ಶುರು. ಕೇಳಿದ ಮೇಲೂ ಕೆಟ್ಟರು ಅನ್ನಿಸಿದರೆ ಕೆಳಗೆ ಬರೆಯಿರಿ, ಜಗಳಕ್ಕೆ ನಾನು ರೆಡಿ.