ದೂರಾ ಯುರೋಪಸ್‌ನ ಆ ಒಂದು ಬೀದಿ

ಮೊನ್ನೆ ಗೆಳೆಯನೊಬ್ಬ ಮಾತಿನ ಮಧ್ಯೆ, "ಯಹೂದಿಗಳು ಚಿತ್ರ ಬರೆಯೋದಿಲ್ಲ ಬಿಡು, ಅವರ ಧರ್ಮದಲ್ಲೇ ಬೇಡ ಅಂದಿದೆ" ಅಂದ. ನೂರು ವರ್ಷದ ಹಿಂದೆ ದೊಡ್ಡ ವಿದ್ವಾಂಸರಲ್ಲೂ ಎಷ್ಟೋ ಜನ ಹೀಗೇ ನಂಬಿದ್ದರು. ವಿಗ್ರಹ ಮಾಡಬೇಡಿ ಅಂತ ಹತ್ತು ಆಜ್ಞೆಗಳಲ್ಲಿದೆ, ಹಾಗಾಗಿ ಚಿತ್ರವೂ ಇದ್ದಿರಲಿಕ್ಕಿಲ್ಲ ಅನ್ನೋ ಲೆಕ್ಕ. ನಾನು ಫೋನ್ ತೆಗೆದು ಅವನಿಗೆ ಒಂದು ಗೋಡೆಯ ಫೋಟೋ ತೋರಿಸಿದೆ. ಆಮೇಲೆ ರಾತ್ರಿ ಊಟದವರೆಗೂ ಅದೇ ಮಾತು.

ಆ ಗೋಡೆ ದೂರಾ ಯುರೋಪಸ್‌ನದು. ಸಿರಿಯಾದ ಪೂರ್ವಕ್ಕೆ, ಯೂಫ್ರೆಟಿಸ್ ನದಿಯ ದಂಡೆಯ ಮೇಲಿದ್ದ ಕೋಟೆ ಊರು. ಗ್ರೀಕರು ಕಟ್ಟಿದ್ದು, ಇರಾನ್ ಕಡೆಯ ಪಾರ್ಥಿಯನ್ನರು ಆಳಿದ್ದು, ಕೊನೆಗೆ ರೋಮನ್ನರ ಗಡಿ ಠಾಣೆ ಆಗಿದ್ದು. 1920ರಲ್ಲಿ ಬ್ರಿಟಿಷ್ ಸೈನ್ಯದವರು ಅಲ್ಲಿ ಕಂದಕ ತೋಡುವಾಗ ಬಣ್ಣದ ಚಿತ್ರಗಳಿದ್ದ ಗೋಡೆ ಸಿಕ್ಕಿತು. ಆಮೇಲೆ ಯೇಲ್ ವಿಶ್ವವಿದ್ಯಾಲಯ ಮತ್ತು ಫ್ರೆಂಚರು ಸೇರಿ 1928ರಿಂದ 1937ರವರೆಗೆ ಅಗೆದರು. ಕೋಟೆ ಗೋಡೆಗೆ ಒತ್ತಿಕೊಂಡಿದ್ದ ಬೀದಿಯೊಂದರಲ್ಲಿ ಒಂದರ ಹಿಂದೆ ಒಂದು ಸಿಕ್ಕಿದವು ನೋಡಿ. ಒಂದು ಕ್ರೈಸ್ತರ ಮನೆ, ಒಂದು ಸಿನಗಾಗ್ ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಸೈನಿಕರು ಪೂಜಿಸುತ್ತಿದ್ದ ಮಿತ್ರಾ ದೇವರ ಗುಡಿ. ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ನಡಿಗೆ.

ಸಿನಗಾಗ್ ಸಿಕ್ಕಿದ್ದು 1932ರ ನವೆಂಬರ್‌ನಲ್ಲಿ. ನಾಲ್ಕೂ ಗೋಡೆಗೆ ಸಾಲು ಸಾಲು ಚಿತ್ರ, ಎಲ್ಲ ಯಹೂದಿಗಳ ಧರ್ಮಗ್ರಂಥದ ಕಥೆಗಳು. ನೀರಿಗಿಳಿದು ನಿಂತ ಫರೋಹನ ಮಗಳು, ಕೈಯಲ್ಲಿ ಕೂಸು ಮೋಶೆ. ಸಮುದ್ರ ದಾಟುತ್ತಿರುವ ಜನ. ಅಣ್ಣಂದಿರ ಮಧ್ಯೆ ನಿಂತ ಹುಡುಗ ದಾವೀದನಿಗೆ ಪ್ರವಾದಿ ಸಮುವೇಲ ಎಣ್ಣೆ ಹುಯ್ಯುತ್ತಿದ್ದಾನೆ. ಸತ್ತವರನ್ನು ಎಬ್ಬಿಸುವ ಯೆಹೆಜ್ಕೇಲನ ದರ್ಶನದಲ್ಲಿ ಮೇಲಿನಿಂದ ದೊಡ್ಡ ಕೈ ಇಳಿದು ಬರುತ್ತದೆ. ದೇವರ ಮುಖ ಬರೆದಿಲ್ಲ, ಕೈ ಮಾತ್ರ ಬರೆದಿದ್ದಾರೆ. ಆ ಕೈಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆಜ್ಞೆಯನ್ನು ಮೀರದೆ ಎಲ್ಲಿಯವರೆಗೆ ಹೋಗಬಹುದು ಅಂತ ಯಾರೋ ಕೂತು ಯೋಚಿಸಿರಬೇಕು ಅಲ್ವಾ?

ಇಸವಿಯೂ ಗೊತ್ತಿದೆ. ಛಾವಣಿಯ ಹೆಂಚಿನ ಮೇಲೆ ಅರಾಮಿಕ್‌ನಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿನ ಯಹೂದಿಗಳ ಹಿರಿಯನಾಗಿದ್ದ ಸಮುವೇಲ ಎಂಬವನ ಕಾಲದಲ್ಲಿ, ರೋಮನ್ ಚಕ್ರವರ್ತಿ ಫಿಲಿಪ್ಪನ ಎರಡನೇ ವರ್ಷದಲ್ಲಿ ಕಟ್ಟಿದ್ದು. ಅಂದರೆ ಸುಮಾರು ಕ್ರಿ.ಶ. 245. ಚಿತ್ರಗಳಲ್ಲಿ ರಾಜರಿಗೆ, ಎಸ್ತೇರಳ ಕಥೆಯ ಮೊರ್ದೆಕೈಗೆ ಪರ್ಷಿಯನ್ ಷರಾಯಿ. ಮೋಶೆಯಂಥವರಿಗೆ ಗ್ರೀಕ್ ಮೇಲುಹೊದಿಕೆ. ಎಲ್ಲರೂ ನಮ್ಮ ಕಡೆಗೇ ಮುಖ ಮಾಡಿ ನೋಡುತ್ತಾರೆ. ಆ ಊರಿನ ಬೇರೆ ದೇವಸ್ಥಾನಗಳ ಚಿತ್ರದಲ್ಲೂ ಅದೇ ರೀತಿ.

ಕ್ರೈಸ್ತರ ಮನೆ ಇದಕ್ಕಿಂತ ಬಡವಾಗಿದೆ. ಮಾಮೂಲಿ ಮನೆ. ಎರಡು ಕೋಣೆಯ ನಡುವಿನ ಗೋಡೆ ತೆಗೆದು ಸೇರುವ ಜಾಗ ಮಾಡಿಕೊಂಡಿದ್ದಾರೆ. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ, ಅದರ ಮೇಲಿನ ಕಮಾನಿಗೆ ನಕ್ಷತ್ರ ಬರೆದಿದ್ದಾರೆ. ಗಾರೆಯ ಮೇಲೆ ಗೀಚಿದ ಇಸವಿ ಇದೆ, ನಮ್ಮ ಲೆಕ್ಕಕ್ಕೆ 232-33. ಕ್ರೈಸ್ತ ಧರ್ಮಕ್ಕೆ ಸಾಮ್ರಾಜ್ಯದ ಒಪ್ಪಿಗೆ ಸಿಕ್ಕಿದ್ದು 313ರಲ್ಲಿ. ಅದಕ್ಕೆ ಎಂಬತ್ತು ವರ್ಷ ಮುಂಚೆ, ರೋಮನ್ ಸೈನ್ಯ ಬೀಡುಬಿಟ್ಟ ಊರಿನಲ್ಲಿ, ಈ ಸಣ್ಣ ಗುಂಪು ತಮ್ಮ ದೇವರ ಕಥೆಯನ್ನು ಗೋಡೆಗೆ ಬರೆಸಿದೆ. ಹೆಗಲ ಮೇಲೆ ಕುರಿ ಹೊತ್ತ ಒಳ್ಳೇ ಕುರುಬ, ನೀರಿನ ಮೇಲೆ ನಡೆಯುವ ಯೇಸು, ಸಮಾಧಿಯ ಹತ್ತಿರ ದೀಪ ಹಿಡಿದು ಬರುವ ಹೆಂಗಸರು. ಪಾರ್ಶ್ವವಾಯು ವಾಸಿಯಾದವನು ತನ್ನ ಹಾಸಿಗೆಯನ್ನು ಬೆನ್ನ ಮೇಲೆ ಹೊತ್ತು ಹೊರಟಿದ್ದಾನೆ. ಅಲ್ಲಿನ ಯೇಸುವಿಗೆ ಗಡ್ಡವಿಲ್ಲ, ಇನ್ನೂ ಹುಡುಗ. ಕಾಲ ಖಚಿತವಾಗಿ ಗೊತ್ತಿರುವ ಯೇಸುವಿನ ಚಿತ್ರಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಇದು ಸೇರುತ್ತದೆ. ಗೆರೆ ಒರಟು, ಕೈ ಪಳಗಿದ್ದಲ್ಲ. ಆದರೂ ನನಗೆ ಇದನ್ನು ನೋಡಿದಾಗ ಗಂಟಲು ಕಟ್ಟುತ್ತದೆ.

ಹಾಗಂತ ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ದರು ಅಂತ ಹೇಳುತ್ತಿಲ್ಲ. ಸಿನಗಾಗ್‌ನ ಒಂದು ಚಿತ್ರದಲ್ಲಿ ಫಿಲಿಷ್ಟಿಯರ ದೇವರು ದಾಗೋನನ ಗುಡಿ ಇದೆ. ಹತ್ತು ಆಜ್ಞೆಗಳ ಕಲ್ಲುಗಳನ್ನಿಟ್ಟ ಪೆಟ್ಟಿಗೆ, ಅಂದರೆ ಒಡಂಬಡಿಕೆಯ ಮಂಜೂಷದ ಮುಂದೆ ಮೂರ್ತಿಗಳು ಚೂರಾಗಿ ನೆಲದ ಮೇಲೆ ಬಿದ್ದಿವೆ. ಆ ಮೂರ್ತಿಗಳ ಉಡುಗೆ ಅದೇ ಕಡೆಯ ದೇವರುಗಳದ್ದು. ಹೊರಗೆ ಪೂಜೆ ನಡೆಯುತ್ತಿದ್ದ ದೇವರು ಒಳಗಿನ ಗೋಡೆಯ ಮೇಲೆ ಒಡೆದು ಬಿದ್ದಿದ್ದಾನೆ. ಅಕ್ಕಪಕ್ಕ ಬಾಳುವವರ ಮಧ್ಯೆ ಇರುವ ಒಳಗಿನ ಕಸಿವಿಸಿ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇದೆಲ್ಲ ಉಳಿದದ್ದು ಯುದ್ಧದಿಂದ. ಸುಮಾರು 256ರಲ್ಲಿ ಪರ್ಷಿಯಾದ ದೊರೆ ಶಾಪುರ್ ದಂಡೆತ್ತಿ ಬಂದ. ಕೋಟೆ ಗೋಡೆ ಗಟ್ಟಿ ಮಾಡಲು ರೋಮನ್ನರು ಆ ಬೀದಿಯನ್ನೂ ಅಲ್ಲಿನ ಕಟ್ಟಡಗಳನ್ನೂ ಮಣ್ಣು ತುಂಬಿ ಮುಚ್ಚಿದರು. ಮಣ್ಣು ಕೋಟೆಯ ಕಡೆ ಎತ್ತರ, ಊರ ಕಡೆ ಇಳಿಜಾರು. ಅದಕ್ಕೇ ಸಿನಗಾಗ್‌ನ ಪಶ್ಚಿಮದ ಗೋಡೆ, ಜೆರುಸಲೇಮ್ ದಿಕ್ಕಿನದು, ಅವರ ಧರ್ಮಗ್ರಂಥ ತೋರಾ ಇಡುವ ಗೂಡಿರುವುದು, ಹೆಚ್ಚುಕಮ್ಮಿ ಪೂರ್ತಿ ಉಳಿಯಿತು. ಎದುರಿನದ್ದು ಕೆಳಗಿನ ಪಟ್ಟಿ ಮಾತ್ರ. ಚಿತ್ರ ಬರೆಸಿ ಹತ್ತು ಹನ್ನೆರಡು ವರ್ಷವೂ ಆಗಿರಲಿಲ್ಲ. ಊರು ಸೋತಿತು, ಆಮೇಲೆ ಪಾಳುಬಿತ್ತು.

ನನ್ನ ತಕರಾರು ಇರುವುದು ಮುಂದಿನದರ ಬಗ್ಗೆ. ಅಗೆದಿದ್ದನ್ನು ಪಾಲು ಹಾಕಿಕೊಂಡರು. ಸಿನಗಾಗ್ ಡಮಾಸ್ಕಸ್‌ನ ಮ್ಯೂಸಿಯಂಗೆ, ದೀಕ್ಷಾಸ್ನಾನದ ಕೋಣೆಯ ಚಿತ್ರಗಳು ಮತ್ತು ಮಿತ್ರಾ ಗುಡಿ ಅಮೆರಿಕದ ಯೇಲ್‌ಗೆ. ಪುಸ್ತಕಗಳಲ್ಲೂ ಹಾಗೇ ಆಯಿತು. "ಯಹೂದಿ ಕಲೆ" ಒಂದು ಅಧ್ಯಾಯ, "ಆದಿ ಕ್ರೈಸ್ತ ಕಲೆ" ಇನ್ನೊಂದು. ಕ್ರೈಸ್ತರ ಮನೆಯನ್ನು ಮುಂದೆ ಬರುವ ದೊಡ್ಡ ಚರ್ಚುಗಳಿಗೆ ಮೊದಲ ಮೆಟ್ಟಿಲು ಅಂತ ಓದಿಸುತ್ತಾರೆ. ಅದರ ಪಕ್ಕದ ಮನೆಯ ಜೊತೆ ಇಟ್ಟು ನೋಡುವವರು ಕಡಿಮೆ. ಒಂದೇ ಬೀದಿಯ ಜನ, ಒಂದೇ ಸಂತೆ, ಪ್ರಾಯಶಃ ಒಂದೇ ಬಗೆಯ ಚಿತ್ರಗಾರರು. ಇದನ್ನು ಒಂದೇ ಬೀದಿಯ ಕಲೆ ಅಂತಲೇ ಕಲಿಸಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ಅಲ್ಲಿ ಹೋಗಿ ನೋಡಲು ಜಾಸ್ತಿ ಏನೂ ಉಳಿದಿಲ್ಲ. ಸಿರಿಯಾದ ಅಂತರ್ಯುದ್ಧದಲ್ಲಿ ಲೂಟಿಕೋರರು ತೋಡಿದ ಗುಂಡಿಗಳು ಉಪಗ್ರಹದ ಚಿತ್ರಗಳಲ್ಲಿ ಸಿಡುಬಿನ ಕಲೆಯ ಹಾಗೆ ಕಾಣುತ್ತವೆ. ಡಮಾಸ್ಕಸ್ ಮ್ಯೂಸಿಯಂ 2012ರಲ್ಲಿ ಮುಚ್ಚಿ 2018ರಲ್ಲಿ ಮತ್ತೆ ಬಾಗಿಲು ತೆರೆಯಿತು. ಸಿನಗಾಗ್‌ನ ಗೋಡೆಗಳು ಉಳಿದುಕೊಂಡವು. ಆ ಸುದ್ದಿ ಓದಿದ ದಿನ ನನಗಾದ ಸಮಾಧಾನ ಇನ್ನೂ ನೆನಪಿದೆ.

ಗೆಳೆಯನಿಗೆ ಕೊನೆಗೆ ತೋರಿಸಿದ್ದು ಒಂದು ಸಣ್ಣ ವಿಷಯ. ಸಿನಗಾಗ್‌ನ ಕೆಲವು ಚಿತ್ರಗಳ ಮೇಲೆ ಶಾಯಿಯಲ್ಲಿ ಪರ್ಷಿಯನ್ ಬರಹವಿದೆ. ಊರು ಬೀಳುವ ಸ್ವಲ್ಪ ಮುಂಚೆ ಬಂದ ಪರ್ಷಿಯನ್ನರು, ತಾವು ಬಂದು ಈ ಚಿತ್ರ ನೋಡಿದೆವು ಅಂತ, ತಮ್ಮ ಹೆಸರು, ತಿಂಗಳು, ದಿನ ಎಲ್ಲ ಬರೆದಿಟ್ಟು ಹೋಗಿದ್ದಾರೆ. ಒಂದು ಬರಹ ಒಬ್ಬನ ಪಾದದ ಮೇಲಿದೆ.